ಮಡಿಸಿಟ್ಟ ಚೀಟಿ

ಸೋಮವಾರ ಎಂಟು ಹೊಡೆಯುವ ಮೊದಲೇ ಫೋನು ಕಾದ ಹೆಂಚು.
ಎಂಟೂವರೆಗೆ ಬೆಂಚುಗಳು ತುಂಬಿ
ಈ ಮೂಲೆಯ ಕೆಮ್ಮು ಆ ಮೂಲೆಗೆ ದಾಟುತ್ತದೆ,
ಭಾನುವಾರದ ಚಾಪೆಲ್ಲಿನಲ್ಲಿ ಕಾಣಿಕೆ ತಟ್ಟೆ ದಾಟಿದ ಹಾಗೆ;
ತನ್ನ ಪಾಲು ಹಾಕದೆ ಯಾರೂ ಬಿಡುವುದಿಲ್ಲ.

ಬೆಥೆಸ್ಡಾ. ಬೆಟ್ಟ ಸೀಳಿ ಸ್ಲೇಟುಗಲ್ಲು ತೆಗೆದು
ಎಲ್ಲೆಲ್ಲಿಯವರ ಸೂರಿಗೋ ಹೊದಿಸಿದ ಊರು.
ಮುದುಕರ ಬೆನ್ನಿಗೆ ಸ್ಟೆತಸ್ಕೋಪು ಇಟ್ಟರೆ
ಒಳಗೆ ಇನ್ನೂ ಯಾರೋ ಬಂಡೆ ಕೆರೆಯುತ್ತಿರುತ್ತಾರೆ.
ಯಾವುದು ಹಳೆಯ ಧೂಳು, ಯಾವುದು ಈ ವಾರದ ಕಫ,
ಕಿವಿಗೆ ಕಷ್ಟ.

ಗ್ವಿಲಿಮ್ ಪ್ಯಾರಿ ಟೋಪಿ ತೆಗೆಯುವ ಮೊದಲೇ ಶುರು:
"ಹಳೇ ಡಾಕ್ಟರಾಗಿದ್ದರೆ ಇಷ್ಟು ಹೊತ್ತಿಗೆ ಬರೆದಾಗಿರುತ್ತಿತ್ತು.
ಆ ಕೆಂಪು-ಹಳದಿ ಮಾತ್ರೆ. ಏನು ಕೈಗುಣ ಅವರದು!
ನುಂಗಿದ ಮೂರನೇ ದಿನ ಗಣಿಯಲ್ಲಿರುತ್ತಿದ್ದೆ."

ಹಳೇ ಡಾಕ್ಟರು ನನ್ನ ಅಪ್ಪ.
ಅವರು ಬರೆದ ಮೇಜಿನ ಮುಂದೆಯೇ
ನಾನೀಗ ಬರೆಯದೆ ಕೂರುತ್ತೇನೆ.
ನುಂಗದಿದ್ದರೂ ಇರುತ್ತಿದ್ದೆಯಲ್ಲ, ಗ್ವಿಲಿಮ್,
ಎನ್ನುವುದು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತದೆ.
ಸತ್ತವರ ಕೈಗುಣಕ್ಕೆ ಕೈ ಹಾಕಬಾರದು.

ಬೆರಳ ತುದಿಗೆ ಸೂಜಿ ಮೊನೆ, ಒಂದೇ ಹನಿ ರಕ್ತ.
ಯಂತ್ರಕ್ಕೆ ನಾಲ್ಕು ನಿಮಿಷ ಬೇಕು.
ಒಬ್ಬರಿಗೆಂದು ನನಗಿರುವುದೇ ಹತ್ತು.
ಆ ನಾಲ್ಕರಲ್ಲಿ ಅವನು,
ಟೆಗ್ವೆನ್ ಮಲಗುತ್ತಿದ್ದ ಬದಿಯಲ್ಲಿ ಈಗ ನಾಯಿ ಮಲಗುತ್ತದೆ ಎಂದ.
ಕೆಮ್ಮು ರಾತ್ರಿಯೇ ಜಾಸ್ತಿ, ನಾಯಿಗೂ ನಿದ್ದೆಯಿಲ್ಲ ಎಂದ.
ಯಂತ್ರ ಕುಂಯ್ ಎಂದಿತು. ಹನ್ನೊಂದು.

ಹನ್ನೊಂದೆಂದರೆ ವೈರಸ್ಸು ಇರಬೇಕು, ಮೂರು ವಾರ ಹಿಡಿಯಬಹುದು ಅಂದೆ.
ಬಿಸಿನೀರು, ಜೇನು, ಎರಡು ದಿಂಬು ಅಂದೆ.
ಅವನು ನನ್ನ ಪೆನ್ನನ್ನೇ ನೋಡುತ್ತಿದ್ದ.

ಇರಬೇಕು. ಆ ಒಂದು ಪದದಲ್ಲಿ ನನ್ನ ನಿದ್ದೆ ಇದೆ.
ಎರಡು ಚಳಿಗಾಲದ ಹಿಂದೆ
ಶಾಲೆ ಬಸ್ಸಿನ ಎಲುನೆಡ್‌ಗೂ ಹೀಗೇ ಜೇನು ಹೇಳಿ ಕಳಿಸಿದ್ದೆ.
ನಾಲ್ಕನೇ ರಾತ್ರಿ ತುಟಿ ನೀಲಿಗಟ್ಟಿ
ಆಂಬುಲೆನ್ಸು ಬ್ಯಾಂಗರಿಗೆ ಓಡಿತು.
ಉಳಿದಳು. ಈಗಲೂ ಬಸ್ಸಿನ ಗಾಜಿನಾಚೆಯಿಂದ ಕೈ ಬೀಸುತ್ತಾಳೆ.
ಕ್ಷಮಿಸಿದ್ದೋ, ಬರೀ ಗುಡ್ ಮಾರ್ನಿಂಗೋ
ಕೇಳುವ ಧೈರ್ಯ ನನಗಿಲ್ಲ.

ಅದೇ ವರ್ಷ ಅಪ್ಪ ಮಲಗಿದರು.
ಲ್ಯಾಬಿನ ಹಾಳೆಯಲ್ಲಿ ಹನ್ನೆರಡು ಔಷಧಿಗಳ ಹೆಸರು,
ಹತ್ತರ ಮುಂದೆ ಒಂದೇ ಷರಾ: ನಾಟದು.
ಕನ್ನಡಕ ಕೇಳಿ ಹಾಕಿಕೊಂಡು
ಹಳೆಯ ವಿದ್ಯಾರ್ಥಿಗಳ ಹಾಜರಿ ಕೂಗುವ ಮೇಷ್ಟರಂತೆ
ಒಂದೊಂದೇ ಓದಿದರು.
"ಇವರೆಲ್ಲ ನನ್ನ ಮಾತು ಕೇಳುತ್ತಿದ್ದವರು ಕಣೇ."
ಆಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಿದರು.
ಅಲ್ಲಿ ಏನೂ ಇರಲಿಲ್ಲ.

ಬರೆದರೆ ಅಪ್ಪನ ಹಾಳೆ, ಬರೆಯದಿದ್ದರೆ ಎಲುನೆಡ್‌ಳ ತುಟಿ.
ಹೊರಗೆ ಹನ್ನೊಂದು ಜನ ಕಾಯುತ್ತಿದ್ದಾರೆ.

ಕೊನೆಗೆ ಬರೆದೆ. ಹಸಿರು ಚೀಟಿ. ಮೇಲೆ ಮುಂದಿನ ಗುರುವಾರದ ತಾರೀಖು.
"ಗುರುವಾರದೊಳಗೆ ಇಳಿಯದಿದ್ದರೆ ಮಾತ್ರ ಮೆಯ್ನಿರ್ ಅಂಗಡಿಗೆ ಒಯ್ಯಿ.
ಉಸಿರು ಕಟ್ಟಿದರೆ ಗುರುವಾರ ಕಾಯಬೇಡ, ನನಗೆ ಫೋನು ಮಾಡು."
ನಾಲ್ಕಾಗಿ ಮಡಿಸಿ ಟೋಪಿಯೊಳಗೆ ಇಟ್ಟುಕೊಂಡ.
ಗೆದ್ದವನ ಹಾಗೂ ಇರಲಿಲ್ಲ, ಸೋತವನ ಹಾಗೂ.

ಗುರುವಾರ ಮೂರು ಸಲ ಮೆಯ್ನಿರ್‌ಗೆ ಫೋನು ಮಾಡಿದೆ.
"ಇಲ್ಲ, ಬಂದಿಲ್ಲ" ಎಂದಳು ಮೂರು ಸಲವೂ,
ಮೂರನೆಯದರಲ್ಲಿ ಸ್ವಲ್ಪ ಸಿಡುಕಿ.
ಬಂದಿಲ್ಲವೆಂದರೆ ಗುಣವಾಯಿತೆಂದೇ ಅರ್ಥವೇ?
ಕತ್ತಲಾದ ಮೇಲೆ ಕಾರು ಅವನ ಬೀದಿಯ ಕಡೆಗೇ ತಿರುಗಿತು.
ಕಿಟಕಿಯಲ್ಲಿ ಟೀವಿಯ ನೀಲಿ; ನಾಯಿ ಬೊಗಳಿತು;
"ಸುಮ್ಮನಿರೋ" ಎಂದಿತು ಒಂದು ದನಿ, ಕೆಮ್ಮಿಲ್ಲದೆ.
ಬಾಗಿಲು ತಟ್ಟದೆ ಮನೆಗೆ ಬಂದೆ.

ಮಾರ್ಚಿನಲ್ಲಿ ಚೀಟಿ ಹಿಂದಿರುಗಿಸಲು ಬಂದ.
"ಬೇಕಾಗಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ."
ಮಡಿಕೆಗಳಲ್ಲಿ ಸವೆದು ಬಟ್ಟೆಯಂತೆ ಮೆತ್ತಗಾಗಿತ್ತು.
ಹಿಂಬದಿಯಲ್ಲಿ ಪೆನ್ಸಿಲಿನ ಪಟ್ಟಿ:
ಹಾಲು, ಬ್ರೆಡ್ಡು, ನಾಯಿಯ ಬಿಸ್ಕತ್ತು, ಮಲಗುವ ಕೋಣೆಗೆ ಬಲ್ಬು.
ಬಲ್ಬಿನ ಮೇಲೆ ಮಾತ್ರ ಗೀಟು ಬಿದ್ದಿರಲಿಲ್ಲ.